ಕೆಂಚಿ ಸಾಯುವ ಅಧ್ಯಾಯ

ಎರಡನೇ ಭಾಗದ ಹಸ್ತಪ್ರತಿಯ ಹನ್ನೊಂದನೇ ಪುಟದಲ್ಲಿ ‘ದೊಡ್ಡಿ’ ಎಂಬ ಪದ ಕಂಡು ನನ್ನ ಪೆನ್ಸಿಲ್ ನಿಂತಿತು. ಕುರಿ ಕೂಡುವ ಬೇಲಿಗೆ ಮೊದಲ ಭಾಗದ ಉದ್ದಕ್ಕೂ ‘ರೊಪ್ಪ’ ಎಂದಿತ್ತು. ಆ ಪುಸ್ತಕವನ್ನು ತಿದ್ದಿದವಳು ನಾನೇ ಆದ್ದರಿಂದ ಚೆನ್ನಾಗಿ ನೆನಪಿತ್ತು. ರೊಪ್ಪ ಎಂದು ಬಾಯಿಗೆ ಬರುವ ಮನುಷ್ಯನಿಗೆ ಎರಡು ವರ್ಷದಲ್ಲಿ ದೊಡ್ಡಿ ಎಂದು ಬರುವುದಿಲ್ಲ. ಅಂಚಿನಲ್ಲಿ ಒಂದು ಪ್ರಶ್ನೆ ಗುರುತು ಹಾಕಿ ಮುಂದಕ್ಕೆ ಹೋದೆ.

ಮಧುಗಿರಿಯ ಮನೆಯಲ್ಲಿ ಕೂತು ಬೆಂಗಳೂರಿನ ಒಂದು ಪ್ರಕಾಶನಕ್ಕೆ ಹಸ್ತಪ್ರತಿ ತಿದ್ದಿಕೊಡುವುದು ನನ್ನ ಕೆಲಸ. ಆ ಮೊದಲ ಭಾಗ ಹೈಸ್ಕೂಲು ಮಕ್ಕಳ ನಡುವೆ ಕೈಯಿಂದ ಕೈಗೆ ಓಡಿತ್ತು. ಹನ್ನೆರಡು ಊರುಗಳಿಂದ ಹನ್ನೆರಡು ಮಕ್ಕಳನ್ನು ಒಂದು ಮಾಯದ ಬೆಟ್ಟ ಪಂದ್ಯಕ್ಕೆ ಕರೆಯುತ್ತದೆ. ಹೋಗದಿದ್ದರೆ ಇಡೀ ಊರಿಗೆ ಕೇಡು. ಒಂದೊಂದು ಸುತ್ತಿನಲ್ಲೂ ಸೋತವರ ನೆರಳನ್ನು ಬೆಟ್ಟ ಕಿತ್ತುಕೊಳ್ಳುತ್ತದೆ. ನೆರಳು ಹೋದವರು ಮರುದಿನ ಹೊತ್ತು ಮುಳುಗುವುದರೊಳಗೆ ಸಾಯುತ್ತಾರೆ. ಕುರಿ ಕಾಯುವ ಕೆಂಚಿ ಎಂಬ ಹುಡುಗಿ ಮಂಜಿನಲ್ಲಿ ಮಂದೆ ಎಣಿಸುವ ಸುತ್ತನ್ನು ಗೆಲ್ಲುತ್ತಾಳೆ. ಆ ಮಂದೆಯಲ್ಲಿ ಒಂದು ಕುರಿ ಕುರಿಯಲ್ಲ. ಅದು ಅವಳ ಟಗರಿನ ರೂಪದಲ್ಲಿದೆ; ಕಿವಿಯಲ್ಲಿ ಕೊಯ್ದ ಗುರುತು ಮುಟ್ಟಿ ಅವಳು ಅದನ್ನು ಕಂಡುಹಿಡಿಯುತ್ತಾಳೆ. ನಾಲ್ವರು ಉಳಿದಲ್ಲಿಗೆ ಪುಸ್ತಕ ಮುಗಿದಿತ್ತು. ಬರೆದವರು ಸಿರಾ ತಾಲ್ಲೂಕಿನ ಗೌಡಗೆರೆ ಕಡೆಯ ಒಂದು ಶಾಲೆಯಲ್ಲಿದ್ದ ವಿಜ್ಞಾನದ ಮೇಷ್ಟ್ರು. ಆಮೇಲೆ ಅವರಿಗೆ ಪಾವಗಡ ತಾಲ್ಲೂಕಿಗೆ ವರ್ಗವಾಗಿತ್ತು.

ಪುಸ್ತಕ ತಿದ್ದುವಾಗ ಲೇಖಕರ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಒಂದೇ ಪದಕ್ಕೆ ಎರಡು ಕಾಗುಣಿತ ಬರಬಾರದು ಎಂಬುದಕ್ಕಷ್ಟೇ. ಮೊದಲ ಭಾಗದ ನೋಟ್‌ಬುಕ್ ತೆಗೆದು ಪಕ್ಕದಲ್ಲಿಟ್ಟುಕೊಂಡು ಎರಡನೆಯದನ್ನು ಮತ್ತೆ ಮೊದಲಿಂದ ಓದಿದೆ. ಮೊದಲನೆಯದರಲ್ಲಿ ಹಳ್ಳ ‘ಅಳ್ಳ’ವಾಗಿತ್ತು, ಹೆಗಲು ‘ಎಗಲು’ ಆಗಿತ್ತು. ಅವೆಲ್ಲ ಡಿಟಿಪಿ ಅಂಗಡಿಯವರ ತಪ್ಪೆಂದು ನಾನೇ ಸಾಲು ಸಾಲು ತಿದ್ದಿದ್ದೆ. ಎರಡನೆಯದರಲ್ಲಿ ಅಂಥದ್ದು ಒಂದೂ ಇಲ್ಲ. ಕಾಗುಣಿತ ತೊಳೆದಿಟ್ಟ ಹಾಗಿತ್ತು. ವಾಕ್ಯಗಳೆಲ್ಲ ಒಂದೇ ಉದ್ದ. ಕಿವಿಯ ಗುರುತಿಲ್ಲ, ಕಂಬಳಿಯ ವಾಸನೆಯಿಲ್ಲ. ಪಂದ್ಯದ ಸುತ್ತುಗಳಲ್ಲಿ ಕನ್ನಡಿ, ಮಸೂರ, ಸನ್ನೆಗೋಲು ಬಂದಿದ್ದವು. ಕೊನೆಯಲ್ಲಿ ಕೆಂಚಿ ತನ್ನ ನೆರಳನ್ನು ಬೀರ ಎಂಬ ಜೊತೆಗಾರನಿಗೆ ಬಿಟ್ಟುಕೊಟ್ಟು ಸಾಯುತ್ತಾಳೆ. ಆ ಅಧ್ಯಾಯ ಓದಿ ನನಗೆ ಕಣ್ಣು ತುಂಬಿತು. ಆದರೂ ಅನುಮಾನ ಹೋಗಲಿಲ್ಲ.

ಇದನ್ನು ಯಂತ್ರದ ಕೈಲಿ ಬರೆಸಿದ್ದಾರೆ ಎಂದು ನನಗೆ ಗಟ್ಟಿಯಾಯಿತು. ಈಗ ಮೊಬೈಲಿಗೆ ನಾಲ್ಕು ಸಾಲು ಹೇಳಿದರೆ ನಾನೂರು ಪುಟ ಬರೆದುಕೊಡುತ್ತದಲ್ಲ.

ಪ್ರಕಾಶನದ ಸಂಪಾದಕಿಗೆ ಫೋನ್ ಮಾಡಿದೆ. ಅವರು, “ಒಪ್ಪಂದದಲ್ಲಿ ಸ್ವಂತ ಬರವಣಿಗೆ ಅಂತ ಸಹಿ ಹಾಕಿದ್ದಾರೆ. ನೀವು ಪರಿಶೀಲನೆ ಮಾಡಿ ನಂಗೆ ಬರಹದಲ್ಲಿ ಕೊಡಿ. ಯಂತ್ರದ್ದು ಅಂತಾದ್ರೆ ಪುಸ್ತಕ ಕೈಬಿಡೋಣ. ಅಲ್ಲ ಅಂತಾದ್ರೆ ಶಾಲೆ ಶುರುವಾಗೋದ್ರೊಳಗೆ ಬರಬೇಕು,” ಎಂದರು.

ಆ ವರದಿ ಒಬ್ಬ ಮನುಷ್ಯನ ಮರ್ಯಾದೆಯ ವಿಷಯ. ಅಂದಾಜಿನ ಮೇಲೆ ಬರೆಯುವಂತಿರಲಿಲ್ಲ. ಎಂದಿನಂತೆ ಲೇಖಕರಿಗೆ ಪ್ರಶ್ನೆಗಳ ಪಟ್ಟಿ ಕಳಿಸಿದೆ, ಅದರಲ್ಲಿ ಒಂದು ಬೋನು ಇಟ್ಟೆ: “ಕೆಂಚಿಯ ಟಗರಿನ ಗುರುತು ಮೊದಲ ಭಾಗದಲ್ಲಿ ಎಡಗಿವಿಯಲ್ಲಿದೆ, ಇಲ್ಲಿ ಬಲಗಿವಿ ಎಂದಿದೆ. ಯಾವುದು ಸರಿ?” ಎರಡನೇ ಭಾಗದಲ್ಲಿ ಟಗರಿನ ಕಿವಿಯ ಮಾತೇ ಇರಲಿಲ್ಲ. ಮೊದಲ ಭಾಗದಲ್ಲೋ, ಗುರುತು ಎಡಗಿವಿಯಲ್ಲಿದ್ದದ್ದರಿಂದಲೇ ಅವಳು ಬದುಕಿದ್ದು. ಮೇಷ್ಟ್ರು ಸಂಜೆಯೇ ಉತ್ತರಿಸಿದರು: “ನಿಮಗೆ ಯಾವುದು ಸರಿ ಅನ್ನಿಸುತ್ತದೋ ಅದನ್ನೇ ಇಟ್ಟುಕೊಳ್ಳಿ.”

ತಾನು ಬರೆದದ್ದರ ಬಗ್ಗೆ ಯಾರಾದರೂ ಹೀಗೆ ಹೇಳುತ್ತಾರೆಯೇ? ಅವರನ್ನು ಮಧುಗಿರಿಗೆ ಬರಹೇಳಿದೆ. ಮೂಲ ಬರವಣಿಗೆ ಏನಿದೆಯೋ ಎಲ್ಲ ತನ್ನಿ ಎಂದೆ.

ಭಾನುವಾರ ಪಾವಗಡದ ಬಸ್ಸಿಗೆ ಬಂದರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಟ್ಟೆ ಚೀಲ. ನನ್ನ ಅನುಮಾನವನ್ನು ಸುತ್ತಿ ಬಳಸದೆ ಹೇಳಿದೆ. ಅವರ ಮುಖ ಕೆಂಪಾಯಿತು.

“ಅಟ್ಲ ಕಾದು ಮೇಡಂ, ಹಂಗಲ್ಲ,” ಎಂದರು. “ನಾನೇ ಬರ್ದಿದ್ದು. ದಿನಾ ಸ್ಕೂಲಿಗೆ ಹೋಗ್ತಾ ಬರ್ತಾ ಬಸ್ಸಲ್ಲಿ. ಬರ್ದಿದ್ದು ಅಂದ್ರೆ, ಹೇಳಿದ್ದು. ನೋಡಿ.”

ಮೊಬೈಲ್ ತೆಗೆದು ಬಾಯಿಯ ಹತ್ತಿರ ಹಿಡಿದರು. ಅವರು ಮಾತಾಡಿದ್ದು ಅಕ್ಷರವಾಗಿ ಮೂಡುತ್ತ ಹೋಯಿತು. ಹಳ್ಳ ಹಳ್ಳವೇ ಆಗಿ, ಹೆಗಲು ಹೆಗಲೇ ಆಗಿ. ಕಾಗುಣಿತ ತೊಳೆದಂತಿದ್ದ ಕಾರಣ ಅಲ್ಲಿತ್ತು. ಹಳೆಯ ಕರಡುಗಳೂ ಅದರಲ್ಲೇ ಇದ್ದವು, ತಿಂಗಳುಗಟ್ಟಲೆಯವು. ಕನ್ನಡಿ ಸುತ್ತಿನ ಅಧ್ಯಾಯವೊಂದಕ್ಕೇ ಒಂಬತ್ತು ರೂಪಗಳಿದ್ದವು, ಪ್ರತಿಯೊಂದರಲ್ಲೂ ಅವರ ತಡಕಾಟ. ಬೆಳಕು ಎಷ್ಟು ಕೋನದಲ್ಲಿ ಬಿದ್ದರೆ ನೆರಳು ಎಲ್ಲಿಗೆ ಹೋಗುತ್ತದೆಂದು ಚಿತ್ರ ಬರೆದು ತೋರಿಸುವಾಗ ಅವರ ಕಣ್ಣು ಹೊಳೆಯುತ್ತಿತ್ತು. ಇದು ಯಂತ್ರದ ಕೆಲಸವಲ್ಲ. ‘ದೊಡ್ಡಿ’ ಏಕೆಂದು ಕೇಳಿದೆ. “ನಮ್ಮನೇಲಿ ತೆಲುಗೇ ಅಲ್ವಾ ಮೇಡಂ, ನಮ್ಮ ಕಡೆ ಎಲ್ರೂ ಅದನ್ನೇ ಅನ್ನೋದು. ನಾನು ಹುಟ್ಟಿದ್ದು ಬೆಳೆದಿದ್ದು ಪಾವಗಡದಾಗೇನೆ.”

ನಾನು ಕ್ಷಮೆ ಕೇಳಿದೆ. ಟೀ ತಂದಿಟ್ಟೆ. ಎರಡನೇ ಭಾಗ ಅವರದೇ ಎಂದು ಆ ಸಂಜೆಯೇ ಬರೆದುಕೊಡುವುದೆಂದುಕೊಂಡೆ.

ಅವರು ಮೊದಲ ಭಾಗದ ನೋಟ್‌ಬುಕ್ಕುಗಳನ್ನೂ ತಂದಿದ್ದರು, ನಾನು ಎಲ್ಲ ತನ್ನಿ ಎಂದಿದ್ದಕ್ಕೆ. ಕೈಗೆ ಸಿಕ್ಕಿದ್ದನ್ನು ಸುಮ್ಮನೆ ತೆರೆದೆ. ನೀಲಿ ಶಾಯಿಯ ಅವಸರದ ಅಕ್ಷರ. ‘ಅಳ್ಳ’, ‘ಎಗಲು’ ಇಲ್ಲೇ ಇದ್ದವು. ಹಾಗಾದರೆ ಡಿಟಿಪಿಯವರದು ತಪ್ಪಿರಲಿಲ್ಲ. ಪುಟದ ಕೊನೆಯಲ್ಲಿ ಒಂದು ಸಾಲು: “ಗಂಟೆ ಹೊಡೆಯಿತು. ಇಲ್ಲಿಗೆ ನಿಲ್ಲಿಸಿದರು.”

ನಿಲ್ಲಿಸಿದೆ ಎಂದಲ್ಲ. ನಿಲ್ಲಿಸಿದರು.

“ಯಾರು ನಿಲ್ಲಿಸಿದ್ದು ಮೇಷ್ಟ್ರೇ?”

ಅವರು ಬಗ್ಗಿ ನೋಡಿದರು. “ಅದು ಸುಮ್ನೆ. ನಂಗೆ ನಾನೇ ಬರ್ಕೊಂಡಿದ್ದು.”

ನಾನು ಹಾಳೆ ತಿರುವುತ್ತ ಹೋದೆ. ಇನ್ನೊಂದು ಕಡೆ “ನಗುತ್ತಾ ಹೇಳಿದರು” ಎಂದಿತ್ತು. ಮತ್ತೊಂದು ಕಡೆ “ಈವತ್ತು ಮೊಟ್ಟೆ ದಿನ, ಪುರುಸೊತ್ತಿಲ್ಲ ಅಂದರು.” ಅವರು ಮೆಲ್ಲಗೆ ನೋಟ್‌ಬುಕ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿದರು. ಮೂರೂವರೆ ಬಸ್ಸಿಗೆ ಹೋಗಬೇಕೆಂದು ಎದ್ದರು. ಟೀ ಹಾಗೇ ಇತ್ತು.

ಅನುಮಾನಿಸಬೇಕಾದದ್ದು ಮೊದಲ ಭಾಗವನ್ನು, ಇಷ್ಟು ದಿನ ನಾನು ಎರಡನೆಯದನ್ನು ಅನುಮಾನಿಸಿದ್ದೆ.

ಗಂಟೆ, ಮೊಟ್ಟೆ ದಿನ ಎಂದರೆ ಶಾಲೆಯ ಬಿಸಿಯೂಟವೆಂದು ತಿಳಿಯಲು ಬುದ್ಧಿವಂತಿಕೆ ಬೇಕಿರಲಿಲ್ಲ. ಮಾರನೇ ದಿನ ಸಿರಾಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಅವರು ಮೊದಲಿದ್ದ ಶಾಲೆಗೆ ಹೋದೆ. ಮುಖ್ಯ ಶಿಕ್ಷಕಿಯ ಹತ್ತಿರ, ಹಿಂದಿನ ಮೇಷ್ಟ್ರ ಪುಸ್ತಕದ ಕೆಲಸಕ್ಕೆ ಬಂದಿದ್ದೇನೆ, ಅಡುಗೆಯವರನ್ನು ಮಾತಾಡಿಸಬೇಕು ಎಂದು ನಿಜವನ್ನೇ ಹೇಳಿದೆ. ಊಟ ಮುಗಿದಿತ್ತು. ಅಡುಗೆಕೋಣೆಯ ಮುಂದೆ ಐವತ್ತೈದು ದಾಟಿದ ಹೆಂಗಸೊಬ್ಬರು ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ಉಜ್ಜುತ್ತಿದ್ದರು. ನನ್ನ ಕೈಯ ಪುಸ್ತಕ, ಪೆನ್ನು ನೋಡಿದ್ದೇ ನೆಟ್ಟಗಾದರು.

“ಮೊಟ್ಟೆ ಲೆಕ್ಕ ಆಫೀಸ್ನಾಗೈತೆ. ನನ್ ಕೇಳ್ಬ್ಯಾಡಿ.”

“ನಾನು ಮೊಟ್ಟೆಗೆ ಬಂದೋಳಲ್ಲ ಅಕ್ಕಾ. ಕೆಂಚಿ ಕಥೆಗೆ ಬಂದೆ.”

ಅವರು ಪಾತ್ರೆಯನ್ನು ಮಗುಚಿ ಹಾಕಿ ಅದರ ಮೇಲೆ ಕೂತರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಯಾರು ಕಳ್ಸಿದ್ದು?”

“ಯಾರೂ ಕಳ್ಸಲಿಲ್ಲ. ಆ ಪುಸ್ತಕ ತಿದ್ದಿದೋಳು ನಾನು.”

“ಓ, ನೀನೇನಾ ಅದು?” ಬಹುವಚನ ಅಲ್ಲಿಗೆ ಹೋಯಿತು. “ನಮ್ಮ ಸೊಸೆ ಓದಿ ಏಳುದ್ಲು. ನಾನ್ ಏಳಿದ್ದು ಅಂಗಿಲ್ಲ ಕಣವ್ವ. ಎಲ್ಲಾ ಇಸ್ತ್ರಿ ಒಡ್ದಂಗೈತೆ.”

ಬಿಸಿಲಿನಲ್ಲಿ ನಿಂತಿದ್ದರಿಂದಲೋ ಏನೋ ನನ್ನ ಕಿವಿ ಬಿಸಿಯಾಯಿತು.

ನಿಧಾನಕ್ಕೆ ಹೇಳಿದರು. ಹತ್ತಿರದ ಹಟ್ಟಿಯವರು. ಮದುವೆಗೆ ಮುಂಚೆ ತಂದೆಯ ಕುರಿ ಕಾಯುತ್ತಿದ್ದವರು. ಊಟವಾದ ಮೇಲೆ ಮಕ್ಕಳು ಗಲಾಟೆ ಮಾಡದೆ ಕೂರಲಿ ಎಂದು ಒಂದು ದಿನ ಕಥೆ ಶುರು ಮಾಡಿದ್ದು. ಬೆಟ್ಟ ನೆರಳು ತಿನ್ನುತ್ತದೆ ಎಂಬುದಷ್ಟೇ ಅವರ ಅಜ್ಜಿ ಹೇಳಿದ್ದು. ಪಂದ್ಯ, ಹನ್ನೆರಡು ಮಕ್ಕಳು, ಕೆಂಚಿ ಎಲ್ಲ ಇವರೇ ದಿನಕ್ಕಿಷ್ಟು ಕಟ್ಟಿದ್ದು. ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಮಕ್ಕಳ ನೋಟ್ಸ್ ಇರಬೇಕೆಂದು ಇವರು ತಿಳಿದಿದ್ದರು. ವರ್ಗವಾಗಿ ಹೋದ ಎಷ್ಟೋ ದಿನಕ್ಕೆ ಬಂದು ಒಂದು ಪುಸ್ತಕ ಕೊಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರಂತೆ.

“ಅವತ್ತೇ ಅನುಮಾನ ಬಂತು ನಂಗೆ. ಮೇಷ್ಟ್ರಾದೋರು ಅಡುಗೆಯೋಳ ಕಾಲು ಯಾಕ್ ಮುಟ್ತಾರೆ?” ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: “ಇನ್ನೊಂದು ಬರ್ದವ್ರಂತಲ್ಲ. ಅದ್ರಾಗೆ ಏನಾಯ್ತದೆ?”

ಅಚ್ಚಾಗದ ಹಸ್ತಪ್ರತಿಯಲ್ಲಿರುವುದನ್ನು ಹೊರಗಿನವರಿಗೆ ಹೇಳಬಾರದು. ಇಷ್ಟು ವರ್ಷದಲ್ಲಿ ನಾನು ಹೇಳಿರಲಿಲ್ಲ. ಆದರೆ ಇವರು ಹೊರಗಿನವರೇ? ಹೇಳಿದೆ. “ಕೆಂಚಿ ಸಾಯ್ತಾಳೆ.”

ಅವರು ಎದ್ದು ನಲ್ಲಿಯ ಹತ್ತಿರ ಹೋಗಿ ಕೈಯ ಬೂದಿ ತೊಳೆದರು. ಸೆರಗಿನಲ್ಲಿ ಒರೆಸಿಕೊಂಡು ಬಂದರು.

“ಅವಳನ್ನ ಸಾಯ್ಸಕೆ ಅವ್ರು ಯಾರವ್ವ? ಕತೆ ತಗಂಡೋದ್ರು, ಓಗ್ಲಿ ಬುಡು, ಕತೆ ಏಳೋದೇ ಇನ್ನೊಬ್ರಿಗೆ. ಸಾಯ್ಸೋ ಮುಂಚೆ ಒಂದ್ ಮಾತು ಕೇಳ್ಬಾರ್ದಾ? ಇಲ್ಲಿ ಐದನೇ ಕ್ಲಾಸ್ ಮಕ್ಳು ದಿನಾ ಕೇಳ್ತವೆ, ಕೆಂಚಿ ಏನಾದ್ಲಜ್ಜಿ ಅಂತ. ಅವುಕ್ಕೆ ಈ ಪುಸ್ತಕ ಕೊಡ್ತೀರಾ?”

ಮಧುಗಿರಿಗೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ನಿದ್ದೆ ಬರಲಿಲ್ಲ. ಈ ಅಮ್ಮನೂ ಹೆಚ್ಚುಕಮ್ಮಿ ಹೇಳಿರಬಹುದೇ ಎಂದೂ ಅನುಮಾನಿಸಿದೆ. ನನ್ನ ಕಸುಬೇ ಹಾಗಾಗಿಬಿಟ್ಟಿದೆ. ಹಾಗಾಗಿ ಮನೆಗೆ ಬಂದವಳೇ ಸಂಪಾದಕಿ ಮತ್ತು ಮೇಷ್ಟ್ರು, ಇಬ್ಬರಿಗೂ ಫೋನ್ ಮಾಡಿದೆ.

ಸಂಪಾದಕಿ ಎಲ್ಲ ಕೇಳಿ, “ನಾವು ಕೇಳಿದ್ದು ಯಂತ್ರದ್ದಾ ಅಲ್ವಾ ಅಂತ. ಅಲ್ಲ ಅಂತ ನಿಮಗೆ ಖಾತ್ರಿ ಇದೆ ಅಲ್ವಾ? ಅಷ್ಟೇ ಬರೆದುಕೊಡಿ. ಎರಡನೇ ಭಾಗವಂತೂ ಅವರದೇ,” ಎಂದರು. ಒಂದು ಸಾಲು ಸಾಕಿತ್ತು. ಆ ಸಾಲು ನಿಜವೂ ಆಗಿತ್ತು. ಅದಕ್ಕೇ ಕಷ್ಟವಾಯಿತು.

ಮೇಷ್ಟ್ರಿಗೆ, ಆ ಶಾಲೆಗೆ ಹೋಗಿ ಅಡುಗೆ ಅಮ್ಮನನ್ನು ಕಂಡು ಬಂದದ್ದನ್ನು ಹೇಳಿದೆ. 

“ಹೋಗಿದ್ರಾ ಅಲ್ಲಿಗೆ?” ಎಂದರು. “ನಾನು ಕದಿಬೇಕು ಅಂತ ಬರ್ಕೊಂಡಿದ್ದಲ್ಲ ಮೇಡಂ. ಮೊದ್ಲು ಅವ್ರ ಹೆಸ್ರು ಹಾಕ್ಬೇಕು ಅಂತಾನೇ ಇದ್ದೆ. ಕಳ್ಸೋ ದಿನ ಒಂದೇ ಹೆಸ್ರು ಬರ್ದೆ. ಅಕ್ಷರ ಎಲ್ಲಾ ನಂದೇ ಅಲ್ವಾ ಅಂದ್ಕೊಂಡೆ. ಆಮೇಲೆ ಎಲ್ರೂ ಸನ್ಮಾನ ಅಂದ್ರು, ಹಾರ ಹಾಕಿದ್ರು. ಆಮೇಲೆ ಹೆಂಗೆ ಹೇಳೋದು?”

“ಎರಡನೇದಕ್ಕೆ ಅವರನ್ನ ಕೇಳಬೇಕಿತ್ತು.”

“ಕೇಳೋಕೆ ಹೋದ್ರೆ ಮೊದಲನೇದು ಹೇಳ್ಬೇಕಾಗಿತ್ತಲ್ಲ.”

ಆ ರಾತ್ರಿ ಬರೆಯಲಿಲ್ಲ. ಬೆಳಿಗ್ಗೆ ಕೂತು ಒಂದು ಪುಟದ ವರದಿ ಬರೆದೆ. ಎರಡನೇ ಭಾಗ ಯಂತ್ರದ್ದಲ್ಲ, ಲೇಖಕರದೇ. ಮೊದಲ ಭಾಗದ ಕಥೆ ಲೇಖಕರದಲ್ಲ. ಹೇಳಿದವರು ಬೇರೆ, ಬರೆದುಕೊಂಡವರು ಇವರು. ಎರಡನೇ ಭಾಗ ಆ ಕಥೆಯ ಮೇಲೆಯೇ ನಿಂತಿರುವುದರಿಂದ, ಹೇಳಿದವರ ಒಪ್ಪಿಗೆ ಸಿಗುವವರೆಗೆ ನಾನು ಅಂತಿಮ ಪ್ರತಿಗೆ ಸಹಿ ಹಾಕುವುದಿಲ್ಲ. ಮೊದಲ ಭಾಗ ತಿದ್ದುವಾಗ ನೂರಾರು ಕಡೆ ಕಣ್ಣೆದುರಿಗೇ ಇದ್ದ ಗುರುತನ್ನು ತಪ್ಪೆಂದು ಅಳಿಸಿದವಳು ನಾನು ಎಂದೂ ಸೇರಿಸಿದೆ. ಕಳಿಸುವ ಮುಂಚೆ ಮೇಷ್ಟ್ರಿಗೆ ಓದಿ ಹೇಳಿದೆ. “ಕಳ್ಸಿ,” ಎಂದರು. ಧ್ವನಿ ಕೇಳಿದರೆ ಸಿಟ್ಟೋ ಸಮಾಧಾನವೋ ತಿಳಿಯಲಿಲ್ಲ.

ನಾಲ್ಕು ದಿನ ಬೆಂಗಳೂರಿನಿಂದ ಉತ್ತರವಿರಲಿಲ್ಲ. ನನಗೆ ಇನ್ನು ಕೆಲಸ ಬರುವುದಿಲ್ಲವೆಂದು ಲೆಕ್ಕ ಹಾಕಿಕೊಂಡಿದ್ದೆ. ಐದನೇ ದಿನ ಸಂಪಾದಕಿ ಫೋನ್ ಮಾಡಿ, “ನೀವೇ ಇದನ್ನ ಎಬ್ಬಿಸಿದ್ದು, ನೀವೇ ಕೂರಿಸಿ ಮಾತಾಡಿ. ಹದಿನೈದು ದಿನ ಕೊಡ್ತೀನಿ,” ಎಂದರು.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅದೇ ಅಡುಗೆಕೋಣೆಯಲ್ಲಿ ಸೇರಿದೆವು. ಮೇಷ್ಟ್ರು ಬಾಗಿಲ ಹತ್ತಿರವೇ ನಿಂತಿದ್ದರು. ಅಡುಗೆ ಅಮ್ಮ ಅವರಿಗೆ ಕೂರಲು ಹೇಳಲಿಲ್ಲ.

“ತಪ್ಪಾಯ್ತು ಅಮ್ಮಾ,” ಎಂದರು ಮೇಷ್ಟ್ರು.

“ತಪ್ಪೇನೋ ಆಯ್ತು. ಬೀರನ್ನ ಉಳ್ಸಕೆ ಕೆಂಚಿನೇ ಯಾಕ್ ಕೊಂದೆ ಅದನ್ನೇಳು ಮೊದ್ಲು.”

“ಕೊನೆಗೆ ಇಬ್ರು ಉಳೀತಾರೆ ಅಮ್ಮಾ. ಬೆಟ್ಟ ಒಂದು ನೆರಳು ತಗೊಳ್ಳೇಬೇಕು. ಒಬ್ರು ಸಾಯ್ಲೇಬೇಕಲ್ಲ, ನಿಯಮ ಅದು.”

“ನಿಯಮ ಮಾಡ್ದೋಳು ನಾನು,” ಎಂದರು ಆಕೆ. “ಬೆಟ್ಟುಕ್ಕೆ ಕಣ್ಣಿಲ್ಲ ಕಣಪ್ಪ. ಅದು ನೆರಳು ಎಣಿಸ್ತದೆ ಅಷ್ಟೇ. ಕೆಂಚಿ ಎಗಲ ಮ್ಯಾಲೆ ಏನೈತೆ? ಕಂಬ್ಳಿ. ಒಂದ್ ಕಂಬ್ಳಿ ಒಳ್ಗೆ ಇಬ್ರು ನಿಂತ್ರೆ ನೆರಳೆಷ್ಟು?”

ಮೇಷ್ಟ್ರು ಬಗ್ಗಿ ನೆಲದ ಬೂದಿಯಲ್ಲಿ ಬೆರಳಿನಿಂದ ಸೂರ್ಯ, ಕಂಬಳಿ, ಎರಡು ತಲೆ ಬರೆದರು. ನೆರಳು ಬರೆದರು. “ಒಂದೇ,” ಎಂದರು.

“ಒಂದ್ ಕಂಡ್ರೆ, ಇನ್ನೊಂದ್ ತಗಂಡಾಯ್ತು ಅಂದ್ಕಂತದೆ. ಬಾಗ್ಲು ತೆಗೀತದೆ. ಓಗ್ತಾರೆ.”

ಮೇಷ್ಟ್ರು ಕಣ್ಣೊರೆಸಿಕೊಂಡರು. ಹೊಗೆಗೋ ಏನೋ. ಒಲೆಯಂತೂ ಆರಿತ್ತು.

ಮೇಷ್ಟ್ರ ಕನ್ನಡಿ ಸುತ್ತನ್ನು ಓದಿ ಹೇಳಿದೆ. ಆಕೆಗೆ ಅದು ಹಿಡಿಸಿತು, ಇರಲಿ ಎಂದರು. ಸನ್ನೆಗೋಲಿನದು ಬೇಡ ಎಂದರು. ಮುಖಪುಟದ ಮೇಲೆ ಎರಡು ಹೆಸರು, ಆಕೆಯದು ಮೊದಲು. ಮೊದಲ ಭಾಗದ ಮರುಮುದ್ರಣದಲ್ಲೂ ಹಾಗೇ. ಗೌರವಧನ ಇಬ್ಬರಿಗೂ. ಇಷ್ಟನ್ನೂ ಸಂಪಾದಕಿ ಫೋನಿನಲ್ಲೇ ಒಪ್ಪಿದರು. ಇವಕ್ಕಿಂತ ಆಕೆ ಹಟ ಹಿಡಿದದ್ದು ಬೇರೆ ಒಂದಕ್ಕೆ. ಅಚ್ಚಿಗೆ ಹೋಗುವ ಮುಂಚೆ ಪೂರ್ತಿ ಪುಸ್ತಕವನ್ನು ತನಗೆ ಓದಿ ಹೇಳಬೇಕು, ಮೇಷ್ಟ್ರಲ್ಲ, ನಾನು.

ಆಕೆ ಹೊಸದಾಗಿ ಹೇಳಿದ್ದನ್ನು ಮೇಷ್ಟ್ರು ಬರೆದುಕೊಂಡರು, ನಾನು ತಿದ್ದಿ ಕರಡು ತೆಗೆಸಿದೆ. ಈ ಸಲ ಅಳ್ಳವನ್ನು ಅಳ್ಳವೆಂದೇ ಬಿಟ್ಟೆ. ಮೂರು ದಿನ ಹಟ್ಟಿಯಲ್ಲಿನ ಆಕೆಯ ಮನೆಗೆ ಹೋಗಿ ಜಗುಲಿಯಲ್ಲಿ ಕೂತು ಓದಿದೆ. ಮೊದಲನೇ ದಿನವೇ ಸೊಸೆ ಬಂದು ನನ್ನ ಮುಂದೆ ಮೊಬೈಲ್ ಇಟ್ಟಳು.

“ಇದ್ಯಾಕಮ್ಮ?” ಎಂದೆ.

“ಅತ್ತೆ ರೆಕಾರ್ಡ್ ಮಾಡು ಅಂದ್ರು,” ಎಂದಳು ಅವಳು, ಸ್ವಲ್ಪ ಮುಜುಗರದಿಂದ.

ಅತ್ತೆಗೆ ಯಾವ ಮುಜುಗರವೂ ಇರಲಿಲ್ಲ. “ನೀನ್ ಇಲ್ಲಿ ಓದಿದ್ದೂ ಅಲ್ಲಿ ಅಚ್ಚಾಗಿದ್ದೂ ಒಂದೇನಾ ಅಂತ ನೋಡ್ಕಬೇಕಲ್ಲವ್ವ. ಒಂದ್ಸಲ ನಂಬಾಯ್ತು.”

ಶಾಲೆಗಳು ಶುರುವಾಗಿ ಹತ್ತು ದಿನ ತಡವಾಗಿ ಪುಸ್ತಕ ಬಂತು. ಹಟ್ಟಿಗೆ ಐದು ಪ್ರತಿ ಕಳಿಸಿದೆ. ವಾರವಾದ ಮೇಲೆ ಒಂದು ಮಧ್ಯಾಹ್ನ ಸೊಸೆಯ ಫೋನ್ ಬಂತು. ಅವಳು ದಿನಾ ಒಂದಿಷ್ಟು ಪುಟ ರೆಕಾರ್ಡಿನ ಜೊತೆ ಸಾಲು ಸಾಲು ಹಿಡಿದು ನೋಡಿದ್ದಳು.

“ಅಕ್ಕಾ, ಕೊನೇ ಪುಟದಲ್ಲಿ ಒಂದು ಬೇರೆ ಐತೆ. ನೀವು ಓದಿದ್ದು ‘ಕೆಂಚಿ ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತಳು’ ಅಂತ. ಪುಸ್ತಕದಲ್ಲಿ ‘ನಿಂತಳು’ ಅಂತ ಐತೆ.”

ಅಚ್ಚುಕೂಟದವರ ತಪ್ಪಿರಬೇಕು ಎಂದು ಬಾಯಿಗೆ ಬಂತು. ಫೋನ್ ಹಿಡಿದುಕೊಂಡೇ ಕೊನೆಯ ಕರಡನ್ನು ಹುಡುಕಿ ತೆಗೆದೆ. ‘ಕೂತಳು’ ಎಂಬುದರ ಮೇಲೆ ಗೆರೆ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ನಿಂತಳು’. ನನ್ನದೇ ಅಕ್ಷರ. ಮುಂದಿನ ವಾಕ್ಯದಲ್ಲಿ ಅವಳು ನಡೆಯುತ್ತಾಳೆ, ಕೂತವಳು ನಡೆಯುವುದು ಹೇಗೆ ಎಂದು ಅಭ್ಯಾಸಬಲದಿಂದ ತಿದ್ದಿದ್ದೆ. ತಿದ್ದಿದ್ದೇ ನನಗೆ ನೆನಪಿರಲಿಲ್ಲ.

“ನಾನೇ ಮಾಡಿದ್ದು,” ಎಂದೆ.

ಆ ಕಡೆ ಫೋನ್ ಕೈ ಬದಲಾಯಿತು.

“ನಂಗೊತ್ತಿತ್ತು ಬುಡು,” ಎಂದರು ಅಡುಗೆ ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. “ಗೆದ್ದೋಳು ಯಾಕವ್ವ ನಿಂತ್ಕತಾಳೆ? ಮಂದೆ ಬರೋಗಂಟ ಕೂತ್ಕತಾಳೆ. ಬಂದ್ಮ್ಯಾಲೆ ಎದ್ದು ಓಗ್ತಾಳೆ. ಕುರಿ ಕಾಯ್ದೋರಿಗೆ ಗೊತ್ತಾಯ್ತದೆ.”

“ಮುಂದಿನ ಸಲ ಸರಿ ಮಾಡ್ತೀನಿ ಅಕ್ಕಾ.”

“ಮಾಡು. ನೋಡ್ತೀನಿ,” ಎಂದು ಫೋನ್ ಇಟ್ಟರು.